ಕಾಗದದ ಹೂಗಳಿಂದ ಶುಭಾಶಯ ಕೋರಿದ ಎಸ್ತರ್ ಹೌಲ್ಯಾಂಡ್

ಕ್ರಿಸ್ಮಸ್ ಹಬ್ಬಕ್ಕೆ ಆತ್ಮೀಯರಿಗೆ ಕೈಯಾರೆ ಮಾಡಿದ ಶುಭಾಶಯ ಪತ್ರ ಕಳುಹಿಸುವುದರಲ್ಲಿ ಒಂದು ವಿಶೇಷ ಸಂತೋಷವಿದೆ. ಅಚ್ಚಿನಿಂದ ಕತ್ತರಿಸಿದ ಕಾಗದದ ಹೂಗಳನ್ನು ಒಂದೊಂದಾಗಿ ಅಂಟಿಸುವಾಗ ಪಡೆಯುವವರ ಮುಖ ನಮ್ಮ ಕಣ್ಣ ಮುಂದೆ ಇರುತ್ತದೆ. ಈ ಕೈಕೆಲಸವನ್ನು ಅಮೆರಿಕದಲ್ಲಿ ಉದ್ಯಮವಾಗಿ ಬೆಳೆಸಿ, ಅನೇಕ ಮಹಿಳೆಯರಿಗೆ ದುಡಿಮೆಯ ದಾರಿ ತೋರಿಸಿದವರು ಎಸ್ತರ್ ಹೌಲ್ಯಾಂಡ್.

ಎಸ್ತರ್ 1828ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಪಟ್ಟಣದಲ್ಲಿ ಜನಿಸಿದರು. ತಂದೆಗೆ ಪುಸ್ತಕ ಹಾಗೂ ಲೇಖನ ಸಾಮಗ್ರಿಗಳ ಅಂಗಡಿಯಿತ್ತು. 1847ರಲ್ಲಿ ಮೌಂಟ್ ಹೋಲಿಯೋಕ್ ವಿದ್ಯಾಲಯದ ಶಿಕ್ಷಣ ಮುಗಿಸಿ ಮನೆಗೆ ಬಂದ ಅವರಿಗೆ, ತಂದೆಯ ವ್ಯಾಪಾರದ ಪರಿಚಯಸ್ಥರೊಬ್ಬರಿಂದ ಇಂಗ್ಲೆಂಡಿನ ವ್ಯಾಲೆಂಟೈನ್ ಕಾರ್ಡೊಂದು ತಲುಪಿತು. ಜರತಾರಿ ಕಸೂತಿಯಂತಹ ಕಾಗದದ ಅಂಚು, ಬಣ್ಣದ ಹೂಗಳು! ಇದಕ್ಕಿಂತ ಚೆನ್ನಾಗಿ ತಾನೂ ಮಾಡಬಲ್ಲೆ ಎಂಬ ಧೈರ್ಯ ಆ ಯುವತಿಯಲ್ಲಿ ಮೂಡಿತು.

ತಂದೆ ಸಾಮಗ್ರಿ ತರಿಸಿಕೊಟ್ಟರು. ಎಸ್ತರ್ ಸುಮಾರು ಒಂದು ಡಜನ್ ಮಾದರಿಗಳನ್ನು ತಯಾರಿಸಿ, ಮಾರಾಟಕ್ಕೆ ಪ್ರಯಾಣ ಮಾಡುತ್ತಿದ್ದ ಸಹೋದರನ ಕೈಗೆ ಕೊಟ್ಟರು. 200 ಡಾಲರಿನಷ್ಟು ಬೇಡಿಕೆ ಬಂದರೆ ಸಾಕೆಂಬುದು ಅವರ ಆಸೆ. ಆದರೆ ಸಹೋದರ ತಂದದ್ದು 5,000 ಡಾಲರಿಗೂ ಮೀರಿದ ಬೇಡಿಕೆ!

ಒಬ್ಬರ ಕೈಯಿಂದ ಆಗುವ ಕೆಲಸ ಇದಾಗಿರಲಿಲ್ಲ. ಗೆಳತಿಯರನ್ನು ಕರೆದು, ಮನೆಯ ಮೇಲಂತಸ್ತಿನ ಕೋಣೆಯಲ್ಲಿ ಮೇಜು ಹಾಕಿಸಿದರು. ಒಬ್ಬರು ಹೂವಿನ ಚಿತ್ರಗಳನ್ನು ಕತ್ತರಿಸಿ ವಿಂಗಡಿಸಿದರೆ, ಇನ್ನೊಬ್ಬರು ಹಿನ್ನೆಲೆಯ ಕಾಗದ ಜೋಡಿಸುವರು, ಮತ್ತೊಬ್ಬರು ಅಂಟಿಸುವರು. ಮನೆಯಿಂದ ಹೊರಬರಲಾಗದ ಮಹಿಳೆಯರಿಗೆ ಒಂದು ಮಾದರಿಯನ್ನೂ ಬೇಕಾದ ಸಾಮಗ್ರಿಯನ್ನೂ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿ, ಸಿದ್ಧವಾದ ಕಾರ್ಡುಗಳನ್ನು ಆಮೇಲೆ ತರಿಸಿಕೊಳ್ಳುತ್ತಿದ್ದರು. ಹೆಣ್ಣುಮಕ್ಕಳಿಗೆ ಸಂಪಾದನೆಯ ಅವಕಾಶ ತೀರಾ ಕಡಿಮೆಯಿದ್ದ ಕಾಲವದು.

ಬಿಳಿ ಕಸೂತಿ ಕಾಗದದ ಅಡಿಯಲ್ಲಿ ಬಣ್ಣದ ಕಾಗದದ ತುಣುಕಿಟ್ಟು ವಿನ್ಯಾಸ ಎದ್ದು ಕಾಣುವಂತೆ ಮಾಡಿದ್ದು, ಮಡಚಿದ ಕಾಗದದ ಸ್ಪ್ರಿಂಗ್‌ನಿಂದ ಪದರಗಳನ್ನು ಮೇಲೆತ್ತಿದ್ದು ಎಸ್ತರ್ ಕಾರ್ಡುಗಳ ವೈಶಿಷ್ಟ್ಯ. ಅನೇಕ ಕಾರ್ಡುಗಳ ಹಿಂಬದಿಯಲ್ಲಿ ಕೆಂಪು ಬಣ್ಣದ ‘ಎಚ್’ ಅಕ್ಷರದ ಪುಟ್ಟ ಮುದ್ರೆಯಿರುತ್ತಿತ್ತು. 1866ರಲ್ಲಿ ಮೊಣಕಾಲಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿಯಬೇಕಾಗಿ ಬಂದರೂ ಅವರು ಕೆಲಸ ಬಿಡಲಿಲ್ಲ. 1870ರ ದಶಕದಲ್ಲಿ ಪಾಲುದಾರರೊಂದಿಗೆ ನ್ಯೂ ಇಂಗ್ಲೆಂಡ್ ವ್ಯಾಲೆಂಟೈನ್ ಕಂಪೆನಿಯನ್ನು ನಡೆಸಿದರು. ಕ್ರಿಸ್ಮಸ್, ಹೊಸ ವರ್ಷ ಹಾಗೂ ಹುಟ್ಟುಹಬ್ಬದ ಕಾರ್ಡುಗಳೂ ಅಲ್ಲಿ ತಯಾರಾದವು. ವಾರ್ಷಿಕ ವಹಿವಾಟು 1 ಲಕ್ಷ ಡಾಲರ್ ತಲುಪಿತ್ತು ಎನ್ನಲಾಗುತ್ತದೆ.

ಹೀಗೆ ಏಳಿಗೆಯಲ್ಲಿದ್ದಾಗಲೇ ತಂದೆ ಕಾಯಿಲೆ ಬಿದ್ದರು. ಮೊದಲ ಕಾಗದವನ್ನು ತರಿಸಿಕೊಟ್ಟ ತಂದೆ ಅವರು. 1881ರಲ್ಲಿ ಎಸ್ತರ್ ತಮ್ಮ ಉದ್ಯಮವನ್ನು ಜಾರ್ಜ್ ವಿಟ್ನಿ ಅವರಿಗೆ ಮಾರಿ, ತಂದೆಯ ಆರೈಕೆಗೆ ನಿಂತರು. ಸಾವಿರಾರು ಜನರ ಪ್ರೀತಿಯನ್ನು ಕಾಗದದಲ್ಲಿ ಅರಳಿಸಿದ ಅವರು ಮದುವೆಯಾಗಲಿಲ್ಲ. 1904ರಲ್ಲಿ ನಿಧನರಾದರು.

ಅವರ ಹೆಸರು ಇಂದಿಗೂ ಉಳಿದಿದೆ. ಆದರೆ ಮೇಜಿನ ಸುತ್ತ ಕುಳಿತು ಹೂ ಕತ್ತರಿಸಿದ ಮಹಿಳೆಯರ ಹೆಸರು ಯಾವ ಕಾರ್ಡಿನ ಮೇಲೂ ಇಲ್ಲ. ಈ ಬಾರಿ ಮಕ್ಕಳೊಂದಿಗೆ ಕುಳಿತು ಕ್ರಿಸ್ಮಸ್ ಕಾರ್ಡ್ ಮಾಡುವಾಗ, ಹೂ ಕತ್ತರಿಸಿದ ಪುಟ್ಟ ಕೈಗಳ ಹೆಸರನ್ನೂ ಹಿಂಬದಿಯಲ್ಲಿ ಬರೆಯೋಣ.