ಲುಡ್ವಿಗ್ ಪ್ರಾಂಟ್ಲ್

ಲುಡ್ವಿಗ್ ಪ್ರಾಂಟ್ಲ್ (4 ಫೆಬ್ರವರಿ 1875 – 15 ಆಗಸ್ಟ್ 1953) ಜರ್ಮನಿಯ ಭೌತವಿಜ್ಞಾನಿ ಹಾಗೂ ಎಂಜಿನಿಯರ್. ಇವರು ಬವೇರಿಯಾದ ಫ್ರೈಸಿಂಗ್‌ನಲ್ಲಿ ಜನಿಸಿದರು. ಬೀಸುವ ಗಾಳಿಯು ವಸ್ತುವಿನ ಮೇಲ್ಮೈಗೆ ತಾಗಿದೆಡೆ ನಿಶ್ಚಲವಾಗಿದ್ದು, ಅದರ ಪಕ್ಕದಲ್ಲಿ ನಿಧಾನವಾಗಿ ಚಲಿಸುವ ತೆಳುವಾದ ಪದರವೊಂದು ಇರುತ್ತದೆಂದು 1904ರಲ್ಲಿ ಹೈಡೆಲ್‌ಬರ್ಗ್‌ನ ಗಣಿತಜ್ಞರ ಸಮ್ಮೇಳನದಲ್ಲಿ ಪ್ರತಿಪಾದಿಸಿದರು. ಇದೇ ಗಡಿಪದರ ಸಿದ್ಧಾಂತ. ಅದೇ ವರ್ಷ ಗಟ್ಟಿಂಗೆನ್ ವಿಶ್ವವಿದ್ಯಾಲಯವನ್ನು ಸೇರಿ, ಅಲ್ಲಿಯೇ ನೆಲೆಸಿದರು.

ಶೈತ್ಯಾಗಾರದಲ್ಲಿ ತಣ್ಣನೆಯ ಗಾಳಿಯಿಂದ ವಧಿಸಿದ ಪ್ರಾಣಿಯ ಇಡೀ ಒಡಲನ್ನು ತಣಿಸುವಾಗ ಒಳಗಿನ ಶಾಖವು ಈ ಪದರವನ್ನು ದಾಟಿಯೇ ಹೊರಬರಬೇಕು. ಗಾಳಿಯ ವೇಗ ಹೆಚ್ಚಿದಂತೆ ಪದರವು ತೆಳುವಾಗಿ ಶಾಖದ ವರ್ಗಾವಣೆ ಹೆಚ್ಚುತ್ತದೆ. ತಣಿಯುವುದು ತಡವಾದರೆ ಸೂಕ್ಷ್ಮಾಣುಗಳು ಬೆಳೆದು ಮಾಂಸ ಕೆಡುವುದರಿಂದ ಇದನ್ನು ಅಳೆಯುವುದು ಅಗತ್ಯ. ಅದೇ ಆಕಾರದ ಲೋಹದ ಮಾದರಿಯೊಂದು ತಣಿಯುವ ವೇಗವನ್ನು ಗಮನಿಸಿ ಮೇಲ್ಮೈಯ ಶಾಖ ವರ್ಗಾವಣೆಯನ್ನು ಲೆಕ್ಕಹಾಕಬಹುದು. ಇಂತಹ ಅಳತೆಗಳನ್ನು ಸೂತ್ರಕ್ಕಿಳಿಸುವಲ್ಲಿ ಬಳಕೆಯಾಗುವ ಪ್ರಾಂಟ್ಲ್ ಸಂಖ್ಯೆಯು ಗಾಳಿಗೆ ಸುಮಾರು 0.7.

ಇವರ ಶಿಷ್ಯರಾದ ವಿಷ್ಣು ಮಾಧವ ಘಾಟಗೆ 1936ರಲ್ಲಿ ಡಾಕ್ಟರೇಟ್ ಪಡೆದು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ಬೋಧಿಸಿದರು. ಮಾರತ್ತಹಳ್ಳಿಗೆ ಸಮೀಪದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನವು 1951ರಲ್ಲಿ ಮೊದಲ ಬಾರಿಗೆ ಹಾರಿತು.