ಮುಂದಿನ ದಾರಿ ಕಾಣದಿದ್ದಾಗ: ಪಂಡಿತಾ ರಮಾಬಾಯಿ ಅವರ ಜೀವಿತ

 

ಪ್ರಿಯ ಯೌವನಸ್ಥರೇ, ನಿಮ್ಮ ಪ್ರಾರ್ಥನಾ ವಿಷಯಗಳು ನನಗೆ ಗೊತ್ತು. ಈ ಕೆಲಸ ಉಳಿಯುತ್ತಾ? ವೀಸಾ ಬರುತ್ತಾ? ಮದುವೆ ಯಾವಾಗ? ಮುಂದೇನಾಗುತ್ತೆ ಅಂತ ದೇವರು ಮೊದಲೇ ತೋರಿಸಿದರೆ ಆತನನ್ನು ನಂಬೋದು ಸುಲಭ ಅಂದುಕೊಳ್ಳುತ್ತೇವೆ. ಆದರೆ ಎಲ್ಲಾ ಮೊದಲೇ ಕಂಡುಬಿಟ್ಟರೆ ನಂಬಿಕೆಗೆ ಕೆಲಸವೇನು?

ಇವತ್ತು ಒಬ್ಬ ಸಹೋದರಿಯ ಜೀವಿತ ನೋಡೋಣ. ಪಂಡಿತಾ ರಮಾಬಾಯಿ. 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಹೆಣ್ಣುಮಕ್ಕಳೂ ಸಂಸ್ಕೃತ ಕಲಿಯಬೇಕು ಅಂದ ಪಂಡಿತರು. ಪುರಾಣ ಓದುತ್ತಾ ಊರೂರು ಅಲೆದ ಆ ಕುಟುಂಬ ಬರಗಾಲಕ್ಕೆ ಸಿಕ್ಕಿತು. ರಮಾಬಾಯಿಗೆ 20 ತುಂಬುವ ಮೊದಲೇ ತಂದೆ, ತಾಯಿ, ಅಕ್ಕ ತೀರಿಹೋದರು. ಅಣ್ಣನ ಜೊತೆ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತಾ ಮುಟ್ಟಿದರು. 1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಮದುವೆ. 1882ರಲ್ಲಿ ಕಾಲರಾದಿಂದ ಗಂಡ ತೀರಿಕೊಂಡರು. ಆಗ ವಯಸ್ಸು 23, ಕೈಯಲ್ಲಿ ಮನೋರಮಾ ಅನ್ನೋ ಹಸುಗೂಸು.

ಡಾಕ್ಟರ್ ಆಗಬೇಕೆಂದು ಇಂಗ್ಲೆಂಡಿಗೆ ಹೋದರು. ಕಿವಿ ಸರಿಯಾಗಿ ಕೇಳಿಸದ್ದರಿಂದ ಆ ಬಾಗಿಲೂ ಮುಚ್ಚಿತು. ಆದರೆ ಅಲ್ಲೇ 1883ರಲ್ಲಿ ದೀಕ್ಷಾಸ್ನಾನ ಪಡೆದರು.

ಈಗ ಗಮನವಿಟ್ಟು ಕೇಳಿ. 1889ರಲ್ಲಿ ಅವರು ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಆರಂಭಿಸಿದರು. ಅಮೆರಿಕದ ಸ್ನೇಹಿತರು ಸಹಾಯದ ಮಾತು ಕೊಟ್ಟಿದ್ದು ಹತ್ತೇ ವರ್ಷಕ್ಕೆ. ಆಮೇಲೆ? ಗೊತ್ತಿಲ್ಲ. ಅವರು ಪುಣೆ ಹತ್ತಿರದ ಕೆಡಗಾಂವ್‌ನಲ್ಲಿ ಜಮೀನು ಕೊಂಡು ಹಣ್ಣಿನ ಗಿಡ ನೆಟ್ಟರು, ಬಾವಿ ತೋಡಿಸಿದರು. ನಂಬಿಕೆ ಅಂದರೆ ಕೈಕಟ್ಟಿ ಕೂರೋದಲ್ಲ, ಪ್ರಿಯರೇ. ನಾಳೆ ಯಾರ ಕೈಯಲ್ಲಿದೆ ಅಂತ ತಿಳಿದವರು ಇವತ್ತು ಗಿಡ ನೆಡುತ್ತಾರೆ.

1896ರಲ್ಲಿ ಮಧ್ಯ ಭಾರತದಲ್ಲಿ ಬರ ಬಂತು. ಹಸಿವು ಅಂದರೆ ಏನೆಂದು ರಮಾಬಾಯಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಾವೇ ಅಲ್ಲಿಗೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಇಷ್ಟು ಜನರನ್ನು ಎಲ್ಲಿಡೋದು? ಆ ಹೊಲವೇ ಸಿದ್ಧವಾಗಿತ್ತು! ಹಣ್ಣಿನ ಆದಾಯಕ್ಕೆಂದು ಅವರು ಕೊಂಡ ನೆಲದಲ್ಲಿ ದೇವರು ಮುಕ್ತಿ ಮಿಷನ್ ಕಟ್ಟಿದನು. ಹಲ್ಲೆಲೂಯಾ! 1905ರಲ್ಲಿ ಅಲ್ಲೇ, ಆ ಅನಾಥ ಹುಡುಗಿಯರ ಪ್ರಾರ್ಥನೆಯಲ್ಲಿ, ಪವಿತ್ರಾತ್ಮನ ಉಜ್ಜೀವನ ಇಳಿದುಬಂತು. ಅಜೂಸಾ ಬೀದಿಯ ಉಜ್ಜೀವನಕ್ಕಿಂತ ಮೊದಲೇ.

ಹಾಗಾದರೆ ನಂಬಿದವರಿಗೆ ಎಲ್ಲಾ ಸುಖಾಂತ್ಯವೋ? ಇಲ್ಲ. ತನ್ನ ನಂತರ ಸೇವೆ ನಡೆಸುತ್ತಾಳೆ ಅಂದುಕೊಂಡಿದ್ದ ಮಗಳು ಮನೋರಮಾ 1921ರಲ್ಲಿ ತೀರಿಕೊಂಡಳು. ಆ ತಾಯಿ ಮಾಡಿಕೊಂಡಿದ್ದ ಕೊನೆಯ ಯೋಜನೆಯೂ ಉಳಿಯಲಿಲ್ಲ. ಆದರೂ ಇಬ್ರಿಯ, ಗ್ರೀಕ್ ಕಲಿತು ಕೈಗೆತ್ತಿಕೊಂಡಿದ್ದ ಮರಾಠಿ ಬೈಬಲ್ ಅನುವಾದವನ್ನು ಮುಗಿಸಿಯೇ 1922ರ ಏಪ್ರಿಲ್ 5ರಂದು ಕರ್ತನ ಬಳಿಗೆ ಹೋದರು. ಮುಕ್ತಿ ಮಿಷನ್ ಇವತ್ತಿಗೂ ನಡೀತಿದೆ.

ಅಬ್ರಹಾಮನೂ ಹೀಗೇ ಹೊರಟವನು. ಕೈಯಲ್ಲಿ ನಕ್ಷೆ ಇರಲಿಲ್ಲ, ಕರೆದವನ ಪರಿಚಯ ಇತ್ತು. ಈ ವಾರ ನಿಮ್ಮ ಉತ್ತರ ಬರದೇ ಇರಬಹುದು. ನಿಮ್ಮ ಮುಂದಿರೋ ಹೊಲ ಯಾವುದು? ಓದೋ ಪರೀಕ್ಷೆಯೋ, ನೋಡಿಕೊಳ್ಳಬೇಕಾದ ಅಮ್ಮನೋ, ರೂಮಿನಲ್ಲಿ ಅಳುತ್ತಿರೋ ಗೆಳತಿಯೋ? ಅಲ್ಲಿ ಒಂದು ಗಿಡ ನೆಡಿ.

ಪ್ರಾರ್ಥಿಸೋಣ. ತಂದೆಯೇ, ನಾಳೆ ನಮಗೆ ಕಾಣದು, ನಿನಗೆ ಕಾಣುತ್ತದೆ. ಇವತ್ತಿನ ಹೆಜ್ಜೆಗೆ ಕೃಪೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.