ಆರ್ದೆಶ್ ಕಣಿವೆಯಿಂದ ಕಾವೇರಿಯ ದಂಡೆಗೆ

ಘಟಪ್ರಭೆಯು ಬಂಡೆಯಿಂದ ಧುಮುಕುವ ನೋಟ ಘೋಡಗೇರಿ, ಗೋಕಾಕ ಸೀಮೆಯವರಿಗೆ ಚಿರಪರಿಚಿತ. ದಕ್ಷಿಣ ಫ್ರಾನ್ಸಿನ ಆರ್ದೆಶ್ ನದಿಯೂ ಸುಣ್ಣಕಲ್ಲಿನ ಬೆಟ್ಟಗಳನ್ನು ಸೀಳಿ, ಕಲ್ಲಿನ ಸಹಜ ಕಮಾನಿನಡಿ ಹರಿದು, ರೋನ್ ಮಹಾನದಿಯನ್ನು ಸೇರುತ್ತದೆ. ಆ ಕಣಿವೆಯ ಮೇಲಣ ಪುರಾತನ ಹಳ್ಳಿಯಾದ ಸಾಂ-ರೆಮೇಜ್, ಮೈಸೂರು ಸೀಮೆಯ ಜನರು ದೊಡ್ಡಸ್ವಾಮಿಯವರೆಂದು ಕರೆದ ವಂದನೀಯ ಜಾನ್ ಆಂತ್ವಾನ್ ದ್ಯುಬ್ವಾ ಅವರ ಹುಟ್ಟೂರು.

ಫ್ರಾನ್ಸಿನ ಕ್ರಾಂತಿಯು ಧರ್ಮಸಭೆಯನ್ನು ನಡುಗಿಸುತ್ತಿದ್ದ 1792ರಲ್ಲಿ, ರೋನ್ ದಂಡೆಯ ವಿವಿಯೆ ಧರ್ಮಪ್ರಾಂತ್ಯದ ಈ ತರುಣ ಗುರುಗಳು ಹಡಗನ್ನೇರಿ ಭಾರತದತ್ತ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ತರುವಾಯ, ಚದುರಿಹೋಗಿದ್ದ ವಿಶ್ವಾಸಿಗಳನ್ನು ಒಗ್ಗೂಡಿಸುವ ಹೊಣೆ ಅವರದಾಯಿತು. ದೇಶೀಯ ಉಡುಪನ್ನು ತೊಟ್ಟು, ಇಲ್ಲಿನ ಆಹಾರ ಆಚಾರಗಳನ್ನು ತಮ್ಮದಾಗಿಸಿಕೊಂಡು ಅವರು ಹಳ್ಳಿಹಳ್ಳಿಗಳಲ್ಲಿ ಬಾಳಿದರು.

ಹಳ್ಳಿಯಲ್ಲಿ ಹುಟ್ಟಿದ ಅವರಿಗೆ ರೈತನ ಸಂಕಟ ಗೊತ್ತಿತ್ತು. ಬಡ ಕ್ರೈಸ್ತರಿಗಾಗಿ ಹಾಸನದ ಬಳಿಯ ಸಾತಹಳ್ಳಿಯಲ್ಲಿ ಬೇಸಾಯದ ನೆಲೆಯನ್ನು ಕಟ್ಟಿದರು. ಸಿಡುಬು ಊರೂರುಗಳನ್ನು ಬಲಿಗೊಳ್ಳುತ್ತಿದ್ದ ಕಾಲದಲ್ಲಿ, ಭಯಪಟ್ಟ ಜನರ ಮನವೊಲಿಸಿ ಸಾವಿರಾರು ಮಂದಿಗೆ ದೇವಿ ಹಾಕಿಸಿದರು.

ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಎರಡು ಸಾವಿರ ವರಹಗಳಿಗೆ ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಭಾಗಕ್ಕೆ ಯೇಸುಸಭೆಯ ಫಾದರ್ ಕೇರ್ದೂ ಅವರ ಹಿಂದಿನ ಬರಹವೇ ಆಧಾರವೆಂದು ಇಪ್ಪತ್ತನೆಯ ಶತಮಾನದ ಸಂಶೋಧನೆಯು ತೋರಿಸಿಕೊಟ್ಟಿದೆ. ಗ್ರಂಥದ ಕೀರ್ತಿಯನ್ನು ಹೀಗೆ ಹಂಚಿಕೊಳ್ಳಬೇಕಾದರೂ, ಸಿಡುಬಿನಿಂದ ಉಳಿದ ಜೀವಗಳ ಪುಣ್ಯಕ್ಕೆ ಕುಂದಿಲ್ಲ.

ಮೂರು ದಶಕಗಳ ದುಡಿಮೆಯ ಕೊನೆಗೆ ಅವರನ್ನು ನಿರಾಶೆ ಆವರಿಸಿತು. ಈ ನಾಡಿನಲ್ಲಿ ಧರ್ಮಪ್ರಚಾರ ಫಲಿಸದೆಂಬ ತಮ್ಮ ಅಭಿಪ್ರಾಯವನ್ನು 1823ರಲ್ಲಿ ಪತ್ರಗಳ ರೂಪದಲ್ಲಿ ಪ್ರಕಟಿಸಿದರು. ಇತರ ಮಿಶನರಿಗಳು ಅದನ್ನು ಬಲವಾಗಿ ಖಂಡಿಸಿದರು. ಅದೇ ವರ್ಷ ತಾಯ್ನಾಡಿಗೆ ಮರಳಿ, ಮುಂದೆ ಪ್ಯಾರಿಸ್ ವಿದೇಶೀ ಮಿಶನ್ ಸಂಸ್ಥೆಯ ಶ್ರೇಷ್ಠರಾಗಿ ಸೇವೆ ಸಲ್ಲಿಸಿ, 1848ರಲ್ಲಿ ದೈವಾಧೀನರಾದರು.

ತಾವು ಬಿತ್ತಿದ ಬೀಜ ಮೊಳೆಯಲಿಲ್ಲವೆಂದು ನೊಂದು ಹೋದರು ದೊಡ್ಡಸ್ವಾಮಿಯವರು. ಆದರೆ ಅವರು ಸಂತೈಸಿದ ವಿಶ್ವಾಸಿಗಳ ಪರಂಪರೆ ಇಂದಿಗೂ ಕಾವೇರಿ ಸೀಮೆಯಲ್ಲಿ ಬಾಳುತ್ತಿದೆ. ಸೇವೆಯ ಫಲವನ್ನು ಅಳೆಯುವ ಕೊಳಗ ಬಿತ್ತಿದವನ ಕೈಯಲ್ಲಿಲ್ಲ. ಅದು ದೇವರ ಕೈಯಲ್ಲಿದೆ. ಮಕ್ಕಳನ್ನು ಬೆಳೆಸುವ ತಂದೆತಾಯಿಗಳೂ, ಧರ್ಮಕೇಂದ್ರಗಳಲ್ಲಿ ದುಡಿಯುವವರೂ ಮನಸ್ಸು ಸೋತಾಗ ಇದನ್ನು ನೆನೆಯುವುದು ಒಳಿತು.